ಈಜುಕೊಳದ ವರ್ತಮಾನ

ಮನೆಯಲ್ಲೂ ಕೆಲಸದಲ್ಲೂ ಎಲ್ಲರೂ ಅವಳನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವನು ಗಂಡ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಶುರುವಾದ ಮಾತು ದೀಪ ಆರಿಸಿದ ಮೇಲೂ ನಿಲ್ಲುವುದಿಲ್ಲ ಎಂಬುದು ಮದುವೆಯಾದ ಹೊಸದರಲ್ಲೇ ಅವನಿಗೆ ಗೊತ್ತಾಗಿತ್ತು. ಅವನು ಬೀಗ ರಿಪೇರಿ ಮಾಡುವವನು. "ಊರಿನ ಬೀಗ ಎಲ್ಲಾ ನನ್ನ ಕೈಲಿ ಬಗ್ಗುತ್ತೆ, ಈ ಒಂದು ಬಾಯಿಗೆ ಮಾತ್ರ ಇನ್ನೂ ಅಳತೆ ಸಿಕ್ಕಿಲ್ಲ" ಎಂದು ಗಿರಾಕಿಗಳ ಎದುರು ಹೇಳಿ ನಗುತ್ತಿದ್ದ. ಅವಳೂ ನಗುತ್ತಿದ್ದಳು. ಅವಳದು ಚಾಡಿ ಮಾತಲ್ಲ, ಜಗಳದ ಮಾತೂ ಅಲ್ಲ. ಕಣ್ಣಿಗೆ ಬಿದ್ದದ್ದು ಬಾಯಿಗೆ ಬರಬೇಕು, ಅಷ್ಟೆ. ಕಿಟಕಿಯಾಚೆ ಒಂದು ಬೆಕ್ಕು ಹೋದರೂ ಅದು ಯಾವ ಗೋಡೆ ಹತ್ತಿತು, ಯಾರನ್ನು ನೋಡಿ ಹೆದರಿತು ಎಂದು ಹೇಳಿ ಮುಗಿಸದೆ ಅವಳಿಗೆ ಸಮಾಧಾನವಿರಲಿಲ್ಲ.

ಈ ಮಾತಿಗೆ ಮನೆಯಲ್ಲಿ ನಗದೆ ಇದ್ದವರು ಅತ್ತೆ ಒಬ್ಬರೇ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದು ನಿವೃತ್ತಿಯಾದವರು. ಇಡೀ ಆಯಸ್ಸು ಮಕ್ಕಳ ಗದ್ದಲದ ಮೇಲೆ ದನಿ ಎತ್ತಿ ಎತ್ತಿ ದಣಿದಿದ್ದರು. ಮನೆಯಲ್ಲಾದರೂ ಒಂದಿಷ್ಟು ಸದ್ದಿಲ್ಲದಿರಲಿ ಎಂಬುದು ಅವರ ಆಸೆ. ಸೊಸೆಯ ಮಾತು ಹೆಚ್ಚಾದಾಗ "ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು" ಎಂದು ಗೋಡೆಗೆ ಹೇಳಿದಂತೆ ಹೇಳಿ ತಮ್ಮ ಕೋಣೆಗೆ ಹೋಗುತ್ತಿದ್ದರು. ಇಬ್ಬರಿಗೂ ಜಗಳವಿರಲಿಲ್ಲ. ಆದರೆ ಕೂತು ಹರಟಿದ್ದೂ ಇರಲಿಲ್ಲ. "ಅನ್ನ ಹಾಕ್ಲಾ ಅತ್ತೆ?" "ಸಾಕು." ಅಲ್ಲಿಗೆ ಮುಗಿಯಿತು.

ರೇಡಿಯೋ ಕೆಲಸ ಮಾಡುತ್ತಿದ್ದದ್ದು ಊರಿನ ಈಜುಕೊಳದಲ್ಲಿ. ಹೆಂಗಸರು ಬಟ್ಟೆ ಬದಲಾಯಿಸುವ ಕೋಣೆ ಅವಳ ಸುಪರ್ದಿ. ಕಪಾಟಿನ ಕೀಲಿ ಕೊಡುವುದು, ಒದ್ದೆ ನೆಲ ಒರೆಸುವುದು, ಮರೆತು ಹೋದ ಕನ್ನಡಕ, ಟೋಪಿಗಳನ್ನು ಬುಟ್ಟಿಗೆ ಹಾಕಿಡುವುದು, ನೀರಿಗೆ ಹೆದರಿ ಅಳುವ ಪುಟ್ಟ ಹುಡುಗಿಯರನ್ನು ಮಾತಿನಲ್ಲೇ ಮರುಳು ಮಾಡಿ ಮೆಟ್ಟಿಲ ತನಕ ಕರೆತರುವುದು. ಮೇಲೆ ಎತ್ತರದ ಛಾವಣಿ, ಕೆಳಗೆ ನೀಲಿ ಟೈಲ್ಸ್ ಹಾಕಿದ ಕೊಳ. ಒಂದು ಮಾತಾಡಿದರೆ ಮೂರು ಸಲ ಕೇಳುವಷ್ಟು ಪ್ರತಿಧ್ವನಿ. ಸೀರೆಯ ಸೆರಗಿಗೂ ಕೂದಲಿಗೂ ಔಷಧಿ ನೀರಿನ ವಾಸನೆ ಅಂಟಿಕೊಂಡು ಮನೆಯ ತನಕ ಬರುತ್ತಿತ್ತು.

ಆ ಕೊಳದ ದೊಡ್ಡ ಹೆಸರು ಎಂದರೆ ಕೋಚಮ್ಮ. ಹಾಗೆ ಕರೆದವರು ಈಜು ಕಲಿಯುವ ಮಕ್ಕಳು. ಬೇರೆ ದೇಶದವರು. ಎರಡು ವರ್ಷಕ್ಕೆಂದು ಬಂದು ಇಲ್ಲೇ ಮುದುಕಿಯಾದರು. ಇಂಗ್ಲಿಷ್ ಬಿಟ್ಟರೆ ಅವರ ಬಾಯಲ್ಲಿ ಬರುತ್ತಿದ್ದದ್ದು "ಬೇಗ", "ಸಾಕು", "ಇನ್ನೊಂದ್ಸಲ" ಎಂಬ ಮೂರೇ ಕನ್ನಡ ಮಾತು. ಆ ಮೂರರಲ್ಲೇ ಒಂದು ರಾಜ್ಯ ಆಳಬಹುದು ಎಂದು ಮಕ್ಕಳು ಆಡಿಕೊಳ್ಳುತ್ತಿದ್ದರು. ಕೆಲವು ವರ್ಷಗಳಿಂದ ಅವರ ಕಣ್ಣು ಮಂಜಾಗುತ್ತಾ ಬಂದು, ಈಗ ಬೆಳಕು ಯಾವುದು, ಕತ್ತಲೆ ಯಾವುದು ಎನ್ನುವುದಷ್ಟೇ ತಿಳಿಯುತ್ತಿತ್ತು. ಆದರೂ ಪಾಠ ನಿಂತಿರಲಿಲ್ಲ. ಪಕ್ಕದಲ್ಲಿ ಸಹಾಯಕಿ ಒಬ್ಬಳು ಕೂತು ನೀರಿನಲ್ಲಿ ಏನು ನಡೆಯುತ್ತಿದೆ ಎಂದು ಹೇಳುತ್ತಿದ್ದಳು. ಕೋಚಮ್ಮ ಅದನ್ನು ಕೇಳಿಸಿಕೊಂಡು ತಪ್ಪು ತಿದ್ದುತ್ತಿದ್ದರು.

ಆ ಸಹಾಯಕಿಗೆ ಮಗುವಾಗಿ ಅವಳು ಕೆಲಸ ಬಿಟ್ಟಳು. ಮ್ಯಾನೇಜರ್ ರೇಡಿಯೋಳನ್ನು ಕರೆಸಿದ.

"ಹೊಸಬರು ಸಿಗೋ ತನಕ ಕೋಚಮ್ಮನ ಪಕ್ಕ ಕೂತ್ಕೊಳ್ಳಿ. ಬಟ್ಟೆ ಕೋಣೆಗೆ ಬೇರೆ ವ್ಯವಸ್ಥೆ ಮಾಡ್ತೀನಿ."

"ಸಾರ್, ನನಗೆ ಇಂಗ್ಲಿಷ್ ಎಲ್ಲಿ ಬರುತ್ತೆ?"

"ಹೈಸ್ಕೂಲು ಓದಿದ್ದೀರಲ್ಲ. ಬಾಯಿ ಅಂತೂ ಇದೆ" ಎಂದ ಅವನು. ಅದು ಹೊಗಳಿಕೆಯೋ ತೆಗಳಿಕೆಯೋ ಎಂದು ಅವಳು ಕೇಳಲು ಹೋಗಲಿಲ್ಲ.

ಮೊದಲ ದಿನ ಕೊಳದ ಅಂಚಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಾಗ ಅವಳಿಗೆ ತಾನು ಬೇರೆ ಯಾರೋ ಆದ ಹಾಗಿತ್ತು. ನೀರಿನಲ್ಲಿ ಉದ್ದುದ್ದ ಕೈಕಾಲಿನ ಹುಡುಗಿಯೊಬ್ಬಳು ಈಜುತ್ತಿದ್ದಳು. ಎಲ್ಲರೂ ಅವಳನ್ನು ಕೊಕ್ಕರೆ ಎನ್ನುತ್ತಿದ್ದರು. ಊರೂರುಗಳ ನಡುವಿನ ಸ್ಪರ್ಧೆಗೆ ಕೋಚಮ್ಮ ತಯಾರು ಮಾಡುತ್ತಿದ್ದದ್ದು ಮುಖ್ಯವಾಗಿ ಅವಳನ್ನೇ. "ಏನು ಮಾಡ್ತಾ ಇದಾಳೆ ಅವಳು?" ಎಂದು ಕೋಚಮ್ಮ ಇಂಗ್ಲಿಷಿನಲ್ಲಿ ಕೇಳಿದರು. ರೇಡಿಯೋಳ ಮನಸ್ಸಿನಲ್ಲಿ ಕನ್ನಡದ ಹೊಳೆಯೇ ಉಕ್ಕಿತು. ಕೈ ಹೀಗೆ ಚಾಚಿದಳು, ನೀರು ಹಾಗೆ ಸೀಳಿತು, ಪಕ್ಕದವಳನ್ನು ದಾಟಿದಳು. ಬಾಯಿಂದ ಹೊರಟದ್ದು ಮಾತ್ರ ಎರಡೇ ಪದ.

"ಗರ್ಲ್... ಸ್ವಿಮ್."

"ಹಾಗಿರಬಹುದು ಅಂತ ನನಗೂ ಅನುಮಾನ ಇತ್ತು" ಎಂದರು ಕೋಚಮ್ಮ. ಅವರು ತಮಾಷೆ ಮಾಡಿದ್ದು ಎಂದು ರೇಡಿಯೋಗೆ ಹೊಳೆದದ್ದು ಮನೆಗೆ ಹೋಗುವ ದಾರಿಯಲ್ಲಿ.

ದಿನ ಕಳೆದಂತೆ ಹರಕುಮುರುಕು ಮಾತು ಜೋಡಿಸುವುದು ಅಭ್ಯಾಸವಾಯಿತು. ಆದರೆ ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವ ಹಾಗೆ ಒಂದು ಸಂಜೆ ಎಡವಟ್ಟಾಯಿತು. ಕೊಕ್ಕರೆ ಈಜುತ್ತಾ ಇದ್ದವಳು ಮಧ್ಯದಲ್ಲಿ ತಲೆ ಮೇಲೆತ್ತಿದಳು. ರೇಡಿಯೋ ತಕ್ಷಣ, ಶಾಲೆಯಲ್ಲಿ ಕಲಿತ ಎಸ್ ಅಕ್ಷರವನ್ನೂ ಮರೆಯದೆ ಸೇರಿಸಿ, ಹೆಮ್ಮೆಯಿಂದ ಹೇಳಿದಳು:

"ಶಿ ಲಿಫ್ಟ್ಸ್ ಹರ್ ಹೆಡ್."

ಕೋಚಮ್ಮನ ಮುಖ ಗಂಟಾಯಿತು. ಹುಡುಗಿಯನ್ನು ದಡಕ್ಕೆ ಕರೆದರು. ಇಷ್ಟು ವರ್ಷ ಕಲಿತರೂ ತಲೆ ಎತ್ತಿ ವೇಗ ಕಳೆದುಕೊಳ್ಳುವ ಚಾಳಿ ಅಂಟಿಸಿಕೊಂಡಿದ್ದೀಯ, ಸ್ಪರ್ಧೆಯ ಈಜು ಸದ್ಯಕ್ಕೆ ಬೇಡ, ಹೋಗಿ ಮಕ್ಕಳ ಜೊತೆ ಮೊದಲಿನ ಪಾಠ ಮಾಡು ಎಂದರು. ಆಳವಿಲ್ಲದ ಕಡೆ, ಸೊಂಟದವರೆಗೂ ಬಾರದ ನೀರಿನಲ್ಲಿ, ಪುಟಾಣಿಗಳ ಸಾಲಿನಲ್ಲಿ ಕೊಕ್ಕರೆ ಕಂಬಿ ಹಿಡಿದು ಮುಖ ಮುಳುಗಿಸಿ ಗುಳ್ಳೆ ಬಿಡುತ್ತಾ ನಿಂತಳು. ಅವಳ ಉದ್ದದ ಕಾಲು ಎಲ್ಲಿಡಬೇಕೋ ಅವಳಿಗೇ ತಿಳಿಯುತ್ತಿರಲಿಲ್ಲ.

ಆಮೇಲೆ ಬಟ್ಟೆ ಕೋಣೆಯಲ್ಲಿ ಹುಡುಗಿ ಟವಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು.

"ಅಕ್ಕ, ಮೂಗಿಗೆ ನೀರು ಹೋಯ್ತು ಅಂತ ಒಂದೇ ಸಲ ತಲೆ ಎತ್ತಿದ್ದು ನಾನು. ಯಾವಾಗ್ಲೂ ಎತ್ತುತ್ತಾಳೆ ಅಂತ ಯಾಕೆ ಹೇಳಿದ್ರಿ?"

"ನಾನೆಲ್ಲಿ ಯಾವಾಗ್ಲೂ ಅಂದೆ ಮಗಳೇ? ನೀನು ಎತ್ತಿದ್ದು ಕಾಣಿಸ್ತು, ಎತ್ತುತ್ತಾಳೆ ಅಂದೆ."

"ಇಂಗ್ಲಿಷಲ್ಲಿ ಹಾಗಂದ್ರೆ ಅದು ಅವಳ ಅಭ್ಯಾಸ ಅಂತ ಅರ್ಥ, ಅಕ್ಕ" ಎಂದಳು ಹುಡುಗಿ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು ಎನಿಸಿತು ರೇಡಿಯೋಗೆ. ಅವಳು ಹುಡುಗಿಯನ್ನು ಕೈಹಿಡಿದು ಕೋಚಮ್ಮನ ಬಳಿಗೆ ಕರೆದುಕೊಂಡು ಹೋಗಿ, "ಮೈ ಮಿಸ್ಟೇಕ್. ಓನ್ಲಿ ಒನ್ ಟೈಮ್" ಎಂದಳು. ಕೋಚಮ್ಮ ಹುಡುಗಿಯ ಒದ್ದೆ ತಲೆ ಸವರಿದರು. ವಿಷಯ ಅಲ್ಲಿಗೆ ಮುಗಿದರೂ ರೇಡಿಯೋಗೆ ಅದು ಮುಗಿದಂತೆ ಅನಿಸಲಿಲ್ಲ.

ಮನೆಗೆ ಬಂದಾಗ ಅತ್ತೆ ಅಡುಗೆಮನೆಯ ಕಿಟಕಿಯ ಬಳಿ ಕೂತು ಬೀನ್ಸ್ ಹೆಚ್ಚುತ್ತಿದ್ದರು. ಅವಳು ಎದುರಿಗೆ ಮಣೆ ಎಳೆದುಕೊಂಡು ಕೂತಳು.

"ಅತ್ತೆ, ನನಗೆ ಇಂಗ್ಲಿಷ್ ಹೇಳ್ಕೊಡ್ತೀರಾ?"

ಅತ್ತೆಯ ಕೈ ನಿಂತಿತು. ಈ ಮನೆಗೆ ಬಂದ ಮೇಲೆ ಸೊಸೆ ತನಗಾಗಿ ಅವರಲ್ಲಿ ಏನಾದರೂ ಕೇಳಿಕೊಂಡದ್ದು ಅದೇ ಮೊದಲು. ಏನಾಯಿತು ಎಂದು ವಿಚಾರಿಸಿದರು. ಅವಳು ಹೇಳಿದಳು. ಎಂದಿನಂತೆ ಮಧ್ಯದಲ್ಲಿ ಎದ್ದು ಹೋಗದೆ ಅತ್ತೆ ಕೊನೆಯ ತನಕ ಕೇಳಿದರು.

"ನಿನ್ನ ತಪ್ಪು ಅಂತಲೂ ಹೇಳೋಕಾಗಲ್ಲ" ಎಂದರು ಆಮೇಲೆ. "ನಮ್ಮ ಮಾತಲ್ಲಿ 'ತಲೆ ಎತ್ತುತ್ತಾಳೆ' ಅಂದ್ರೆ ಈಗ ಆಗಬಹುದು, ದಿನಾ ಆಗಬಹುದು, ನಾಳೆಯೂ ಆಗಬಹುದು. ಒಂದೇ ಪಾತ್ರೆಯಲ್ಲಿ ಮೂರು ಅಡುಗೆ. ಕೇಳೋರು ತಮಗೆ ಬೇಕಾದ್ದನ್ನ ಬಡಿಸ್ಕೋತಾರೆ. ಇಂಗ್ಲಿಷಿನೋರು ಹಾಗಲ್ಲ, ದಿನದ ಅಡುಗೆಗೆ ಒಂದು ಪಾತ್ರೆ, ಈಗ ಒಲೆ ಮೇಲೆ ಕುದೀತಾ ಇರೋದಕ್ಕೆ ಇನ್ನೊಂದು. ಈಗ ಹೇಳು, ನಾನು ಏನ್ ಮಾಡ್ತಾ ಇದೀನಿ?"

"ಯು ಕಟ್ ಬೀನ್ಸ್."

"ಅದು ನನ್ನ ಹಣೆಬರಹ. ದಿನಾ ಹೆಚ್ಚುತೀನಿ ಅಂತ ಹೇಳಿದ ಹಾಗಾಯ್ತು. ಈಗ ಹೆಚ್ಚುತ್ತಾ ಇರೋದನ್ನ ಹೇಳು."

"ಯು ಕಟಿಂಗ್ ಬೀನ್ಸ್."

"ಬಾಲ ಬಂತು, ತಲೆ ಎಲ್ಲಿ?" ಅತ್ತೆ ಚಾಕು ಕೆಳಗಿಟ್ಟರು. "ಬರೀ 'ಹೆಚ್ಚುತ್ತಾ' ಅಂತ ಹೇಳಿ ಸುಮ್ಮನಾದ್ರೆ ಕೇಳೋನು ಬಾಯಿ ಬಿಟ್ಕೊಂಡು ನಿಂತಿರ್ತಾನೆ. ಹೆಚ್ಚುತ್ತಾ ಇದೀನಾ, ಇದೀಯಾ, ಇದಾಳಾ? ಆ 'ಇದೀನಿ' ಬೇಕು. ನಾವು ಅದನ್ನ ಕೊನೇಲಿ ಇಡ್ತೀವಿ, ಅವರು ಮುಂದೆ ಇಡ್ತಾರೆ. ನನಗೆ ಆ್ಯಮ್, ಒಬ್ಬರಿಗೆ ಈಸ್, ನಿನಗೂ ಗುಂಪಿಗೂ ಆರ್. ಆಮೇಲೆ ಕೆಲಸ, ಕೆಲಸಕ್ಕೆ ಇಂಗ್ ಅನ್ನೋ ಬಾಲ."

"ಯು ಆರ್ ಕಟಿಂಗ್ ಬೀನ್ಸ್" ಎಂದಳು ರೇಡಿಯೋ ನಿಧಾನವಾಗಿ.

"ಈಗ ನಾನು ಹೆಚ್ಚುತ್ತಾ ಇಲ್ಲ, ಪಾಠ ಹೇಳ್ತಾ ಇದೀನಿ."

"ಯು ಆರ್ ನಾಟ್ ಕಟಿಂಗ್. ಯು ಆರ್ ಟೀಚಿಂಗ್."

ಅತ್ತೆ ಚಾಕು ಎತ್ತಿಕೊಂಡು ಮತ್ತೆ ಹೆಚ್ಚತೊಡಗಿದರು. ಆದರೆ ಅವರ ತುಟಿಯ ಒಂದು ಕೊನೆ ಮೇಲೆದ್ದದ್ದು ಸೊಸೆಯ ಕಣ್ಣಿಗೆ ಬೀಳದಿರಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಯಾರಿಗೂ ನೆಮ್ಮದಿಯಾಗಿ ಒಂದು ಕೆಲಸ ಮಾಡಲು ಆಗಲಿಲ್ಲ. ಗಂಡ ಅಂಗಡಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದರೆ "ಹಿ ಈಸ್ ಕಮಿಂಗ್ ಇನ್", ತಲೆ ಕೆರೆದುಕೊಂಡರೆ "ಹಿ ಈಸ್ ಸ್ಕ್ರ್ಯಾಚಿಂಗ್". "ನನ್ನ ಮನೇಲಿ ನನಗೇ ಕಾಮೆಂಟ್ರಿ" ಎಂದು ಅವನು ಗೊಣಗುತ್ತಿದ್ದ. "ಈಸ್ ಹಿ ಗೊಣಗಿಂಗ್?" ಎಂದು ಅವಳು ಕೇಳಿದರೆ ಅತ್ತೆ ಒಳಗಿನಿಂದಲೇ "ಗ್ರಂಬ್ಲಿಂಗ್" ಎಂದು ತಿದ್ದುತ್ತಿದ್ದರು.

ಬರೆಯದೆ ಕಲಿತದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ಅತ್ತೆ ಬರೆಯುವುದನ್ನೂ ಹೇಳಿಕೊಟ್ಟರು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಯಲ್ಲಿ ಬರೆಸುತ್ತಿದ್ದರು. ಮೇಕ್ ಎಂಬುದಕ್ಕೆ ಬಾಲ ಸೇರಿಸುವಾಗ ಕೊನೆಯ ಇ ಜಾಗ ಬಿಟ್ಟುಕೊಡಬೇಕು. ಲೈ ಎಂಬುದರ ಐ ಮತ್ತು ಇ ಎರಡೂ ಎದ್ದುಹೋಗಿ ಅಲ್ಲಿ ವೈ ಬಂದು ಕೂರುತ್ತದೆ.

"ಸ್ವಿಮ್ಮಿಗೆ ಒಂದೇ ಎಮ್ ಇದೆ. ಬಾಲ ಹಚ್ಚಿದ ಕೂಡಲೇ ಎರಡು ಯಾಕೆ ಅತ್ತೆ?"

"ಇಲ್ಲದಿದ್ರೆ ಓದೋರು ಅದನ್ನ ಸ್ವೈಮಿಂಗ್ ಅಂತಾರೆ. ಐ ಉದ್ದ ಆಗದ ಹಾಗೆ ಇನ್ನೊಂದು ಎಮ್ ಕಾವಲು ನಿಲ್ಲುತ್ತೆ."

"ನಮ್ಮ ಮನೆಯವರ ಬೀಗದ ಥರ."

"ಹಾಗೇ ಅನ್ಕೋ."

ಕೊಳದಲ್ಲಿ ಇದರ ಫಲ ಬೇಗನೇ ಕಂಡಿತು. "ಶಿ ಈಸ್ ಪುಲ್ಲಿಂಗ್ ವಿತ್ ಹರ್ ಲೆಫ್ಟ್ ಹ್ಯಾಂಡ್. ಶಿ ಈಸ್ ಟರ್ನಿಂಗ್. ದಿ ಸ್ಮಾಲ್ ಒನ್ ಈಸ್ ಕ್ರೈಯಿಂಗ್" ಎಂದು ಅವಳು ಹೇಳುತ್ತಿದ್ದರೆ ಕೋಚಮ್ಮ ಕುರ್ಚಿಯ ಅಂಚಿಗೆ ಸರಿದು ಕೂರುತ್ತಿದ್ದರು. ಹಳೆಯ ಸಹಾಯಕಿ ಈಜಿನ ವಿಷಯವಷ್ಟೇ ಹೇಳುತ್ತಿದ್ದಳಂತೆ. ಇವಳು ಸುಮ್ಮನಿರುವವಳಲ್ಲ. ಛಾವಣಿಯ ಕಿಟಕಿಯಲ್ಲಿ ಪಾರಿವಾಳ ಕೂತಿದೆ, ಮ್ಯಾನೇಜರ್ ಫೋನಿನಲ್ಲಿ ಯಾರಿಗೋ ಬಗ್ಗಿ ಬಗ್ಗಿ ನಮಸ್ಕಾರ ಹಾಕುತ್ತಿದ್ದಾನೆ, ಒಬ್ಬ ತಂದೆ ಮಗನ ಟೋಪಿಯನ್ನು ತಾನೇ ಹಾಕಿಕೊಂಡು ನೋಡುತ್ತಿದ್ದಾನೆ. ಕೋಚಮ್ಮ ಒಮ್ಮೊಮ್ಮೆ ಪಾಠ ಮರೆತು ನಗುತ್ತಿದ್ದರು.

ಬಾಲ ಕೈಗೆ ಸಿಕ್ಕಿದ ಮೇಲೆ ಅದನ್ನು ಎಲ್ಲದಕ್ಕೂ ಅಂಟಿಸುವ ಹುಚ್ಚು ಹಿಡಿಯಿತು. "ಶಿ ಈಸ್ ವಾಂಟಿಂಗ್ ವಾಟರ್." "ಐ ಆ್ಯಮ್ ನೋಯಿಂಗ್ ದಿಸ್ ಬಾಯ್." ಕೋಚಮ್ಮ ನಗುತ್ತಾ, ಹಾಗೆ ಯಾರೂ ಅನ್ನುವುದಿಲ್ಲ ಎಂದರು. ಯಾಕೆ ಎಂದರೆ ಅವರಿಗೂ ಹೇಳಲು ಬರಲಿಲ್ಲ. ಸಂಜೆ ಅತ್ತೆಯ ಮುಂದೆ ಪ್ರಶ್ನೆ ಬಂತು.

"ಕೈಕಾಲು ಮಾಡೋ ಕೆಲಸಕ್ಕೆ ಬಾಲ" ಎಂದರು ಅತ್ತೆ. "ಮನಸ್ಸಲ್ಲಿ ತೆಪ್ಪಗೆ ಕೂತಿರೋದಕ್ಕೆ ಬೇಡ. ಗೊತ್ತು, ಬೇಕು, ಇಷ್ಟ. ನೀನು ಕನ್ನಡದಲ್ಲಿ 'ಗೊತ್ತುತ್ತಾ ಇದೆ' ಅಂತೀಯಾ? 'ನನಗೆ ಟೀ ಬೇಕುತ್ತಾ ಇದೆ' ಅಂತೀಯಾ?"

ರೇಡಿಯೋ ಬಾಯಿಗೆ ಸೆರಗು ಹಿಡಿದು ನಕ್ಕಳು. "ಬೇಕುತ್ತಾ ಇದೆ" ಎಂದು ಇನ್ನೊಮ್ಮೆ ಹೇಳಿ ನೋಡಿ ಮತ್ತೆ ನಕ್ಕಳು. ಅತ್ತೆ ತಡೆದುಕೊಂಡರು, ಆಗಲಿಲ್ಲ. ಅವರು ಸದ್ದು ಮಾಡಿ ನಕ್ಕದ್ದನ್ನು ಕೇಳಿ ಹೊರಗೆ ಕೂತಿದ್ದ ಮಗ ಬಾಗಿಲಿಗೆ ಬಂದು ನೋಡಿ ಹೋದ.

ಒಂದು ದಿನ ಪಾಠದ ನಡುವೆ ಕೋಚಮ್ಮ ಅದೇ ದನಿಯಲ್ಲಿ "ಐ ಆ್ಯಮ್ ಲೀವಿಂಗ್, ಯು ನೋ" ಎಂದರು. ಹೊರಟರು ಎಂದುಕೊಂಡು ರೇಡಿಯೋ ಥಟ್ಟನೆ ಎದ್ದು ಅವರ ಚಪ್ಪಲಿ, ಕೋಲು, ಚೀಲ ಎಲ್ಲ ತಂದು ಮುಂದಿಟ್ಟಳು. ಕೋಚಮ್ಮನ ಕಾಲಿಗೆ ಚಪ್ಪಲಿ ತಾಗಿತು. ಅವರು ನಕ್ಕು, "ಈಗಲ್ಲ" ಎಂದಷ್ಟೇ ಹೇಳಿ ಮಾತು ಬದಲಾಯಿಸಿದರು.

"ಈಗ ಆಗ್ತಾ ಇರೋದಕ್ಕೆ ಇಂಗ್ ಅಂತ ತಾನೇ ನೀವು ಹೇಳಿದ್ದು?" ಎಂದು ಅವಳು ಅತ್ತೆಯನ್ನು ಕೇಳಿದಳು.

"ಇನ್ನೊಂದಕ್ಕೂ ಬರುತ್ತೆ. ಟಿಕೆಟ್ ಕೈಲಿದ್ದಾಗ 'ಮುಂದಿನ ವಾರ ಅಕ್ಕನ ಮನೆಗೆ ಹೋಗ್ತಾ ಇದೀನಿ' ಅನ್ನಲ್ವಾ ನಾವು? ಮಾತು ನಿಕ್ಕಿಯಾಗಿದೆ, ಇನ್ನು ಹೊರಡೋದೊಂದೇ ಬಾಕಿ, ಅಂಥದ್ದಕ್ಕೂ ಅದೇ." ಅತ್ತೆ ಅವಳ ಮುಖ ನೋಡಿ ಕೇಳಿದರು. "ಯಾರು ಹೋಗ್ತಾ ಇರೋದು?"

ಅವಳು ಎದ್ದು ಊಟಕ್ಕೆ ತಟ್ಟೆ ಇಟ್ಟಳು. ಅವತ್ತು ಊಟದ ಹೊತ್ತಿನಲ್ಲಿ ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಗಂಡ ಕೈತೊಳೆದು ಬಂದು ಅವಳ ಹಣೆ ಮುಟ್ಟಿ ನೋಡಿದ.

ಮರುದಿನ ಅವಳು ವಾಕ್ಯವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿ ಕೇಳಿದಳು. "ವೆನ್ ಆರ್ ಯು ಲೀವಿಂಗ್?"

ಸ್ಪರ್ಧೆ ಮುಗಿದ ಮೇಲೆ, ಎಂದರು ಕೋಚಮ್ಮ. ಅಕ್ಕ ಒಬ್ಬಳಿದ್ದಾಳೆ, ಸಮುದ್ರದಾಚೆ. ದೊಡ್ಡ ಮನೆ. ತುಂಬಾ ದಿನದಿಂದ ಕರೆಯುತ್ತಿದ್ದಾಳೆ. ಸಹಾಯಕಿ ಬಿಟ್ಟುಹೋದ ವಾರವೇ ಒಪ್ಪಿಕೊಂಡದ್ದು. ಕಾಣದವಳು ಕೊಳದ ಬದಿಯಲ್ಲಿ ಕೂತು ಎಷ್ಟು ದಿನ ಬೇರೆಯವರ ಕಣ್ಣು ಎರವಲು ಪಡೆಯುವುದು ಎಂದರು. ಹೇಳಲು ರೇಡಿಯೋಗೆ ಬೇಕಾದಷ್ಟಿತ್ತು. ಆದರೆ ಅದು ಯಾವುದೂ ಕೈಕಾಲಿನ ಕೆಲಸವಾಗಿರಲಿಲ್ಲ. ಅವಳು ನೀರಿನ ಕಡೆ ತಿರುಗಿ, "ಶಿ ಈಸ್ ಸ್ಟಾರ್ಟಿಂಗ್ ಎಗೇನ್" ಎಂದಳು.

ಸ್ಪರ್ಧೆ ನಡೆದದ್ದು ಬೇರೆ ಊರಿನ ದೊಡ್ಡ ಕೊಳದಲ್ಲಿ. ಮಕ್ಕಳ ಬಸ್ಸಿನಲ್ಲೇ ಇಬ್ಬರೂ ಹೋದರು. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜನ, ಮೈಕಿನ ಗದ್ದಲ. ರೇಡಿಯೋ ಕೋಚಮ್ಮನ ಕಿವಿಯ ಪಕ್ಕ ಬಾಯಿಟ್ಟು ಕೂತಳು. ಕೊಳವನ್ನು ಆ ಕಡೆ ಈ ಕಡೆ ದಾಟುತ್ತಾ ಹಲವು ಸುತ್ತು ಈಜಬೇಕಾದ ಪಂದ್ಯ. ಕೊಕ್ಕರೆ ಅಂಚಿನ ಸಾಲಿನಲ್ಲಿದ್ದಳು.

ಸೀಟಿ ಬಿತ್ತು. ಮೊದಲ ಸುತ್ತಿನಲ್ಲೇ ಹುಡುಗಿ ಹಿಂದೆ ಬಿದ್ದಳು. ಕೋಚಮ್ಮ ಎಲ್ಲಿ ಅವಳು ಎಂದು ಕೇಳಿದರು. ಮುಂದಿದ್ದಾಳೆ ಎಂಬ ಮಾತು ರೇಡಿಯೋಳ ನಾಲಿಗೆಯ ತುದಿಗೆ ಬಂತು. ಮುದುಕಿಯ ಕೊನೆಯ ಪಂದ್ಯ, ಯಾರಿಗೇನು ನಷ್ಟ ಎನಿಸಿತು. ಆದರೆ ಅವಳ ಬಾಯಿಗೆ ಕಂಡದ್ದನ್ನು ಬಿಟ್ಟು ಬೇರೆಯದನ್ನು ಆಡಿ ಅಭ್ಯಾಸವೇ ಇರಲಿಲ್ಲ.

"ಫೈವ್ ಗರ್ಲ್ಸ್ ಆರ್ ಗೋಯಿಂಗ್ ಫಸ್ಟ್. ಶಿ ಈಸ್ ಕಮಿಂಗ್ ಬಿಹೈಂಡ್."

"ತಲೆ?"

"ಶಿ ಈಸ್ ಕೀಪಿಂಗ್ ಇಟ್ ಡೌನ್. ಶಿ ಈಸ್ ನಾಟ್ ಹರಿಯಿಂಗ್."

ಕೋಚಮ್ಮ ತಲೆಯಾಡಿಸಿದರು. ಗಾಬರಿಯಾಗದೆ ಈಜುತ್ತಿದ್ದಾಳೆ ಎನ್ನುವುದು ಅವರಿಗೆ ಸಾಕಾಗಿತ್ತು. ಅರ್ಧ ಪಂದ್ಯ ಮುಗಿಯುವ ಹೊತ್ತಿಗೆ ಮುಂದಿನವರ ಕೈ ಭಾರವಾಗತೊಡಗಿತು. "ದಿ ರೆಡ್ ಕ್ಯಾಪ್ ಈಸ್ ಗೆಟಿಂಗ್ ಟೈರ್ಡ್. ಅವರ್ ಗರ್ಲ್ ಈಸ್ ಪಾಸಿಂಗ್. ಶಿ ಈಸ್ ಪಾಸಿಂಗ್ ಒನ್ ಮೋರ್." ರೇಡಿಯೋಳ ದನಿ ಏರುತ್ತಿತ್ತು. ಮುಂದಿನ ಸಾಲಿನವರು ತಿರುಗಿ ನೋಡಿದರು. ಅವಳಿಗೆ ಗೊತ್ತಾಗಲಿಲ್ಲ. ಕೊನೆಯ ಸುತ್ತಿನಲ್ಲಿ ಕೋಚಮ್ಮ ಅವಳ ಮಣಿಕಟ್ಟು ಬಿಗಿಯಾಗಿ ಹಿಡಿದುಕೊಂಡಿದ್ದರು. "ಟೂ ಆರ್ ಇನ್ ಫ್ರಂಟ್. ಶಿ ಈಸ್ ಕಮಿಂಗ್. ಹರ್ ಲೆಗ್ಸ್ ಆರ್ ಬೀಟಿಂಗ್ ವೆರಿ ಫಾಸ್ಟ್. ದೇ ಆರ್ ಟಚಿಂಗ್, ಒನ್, ಟೂ... ನೌ ಶಿ ಈಸ್ ಟಚಿಂಗ್."

ಕೊಕ್ಕರೆ ಮೂರನೆಯವಳಾದಳು. ಅವರ ಊರಿನ ಕೊಳದಿಂದ ಹೋದ ಯಾರೂ ಅಷ್ಟು ಮುಂದೆ ಬಂದಿರಲಿಲ್ಲ. "ಶಿ ಈಸ್ ಲುಕಿಂಗ್ ಫಾರ್ ಯು" ಎಂದಳು ರೇಡಿಯೋ. ಕೋಚಮ್ಮ ಎದ್ದು ನಿಂತು ನೀರಿನ ಕಡೆ ಅಂದಾಜಿನಲ್ಲಿ ಕೈ ಬೀಸಿದರು. ದಿಕ್ಕು ತಪ್ಪಿತ್ತು. ರೇಡಿಯೋ ಅವರ ಭುಜ ಹಿಡಿದು ಹುಡುಗಿಯ ಕಡೆ ತಿರುಗಿಸಿದಳು.

ಬಸ್ಸಿನಲ್ಲಿ ವಾಪಸು ಬರುವಾಗ ಕೋಚಮ್ಮ ಒಂದೊಂದೇ ಸುತ್ತನ್ನು ನೆನಪಿಸಿಕೊಂಡು ಕೇಳಿದರು. ಮಧ್ಯದ ತಿರುವಿನಲ್ಲಿ ಅವಳ ಎಡಗೈ ಏನು ಮಾಡುತ್ತಾ ಇತ್ತು? "ವಾಟ್ ವಾಸ್ ಇಟ್ ಡೂಯಿಂಗ್?" ಎಂದಾಗ ರೇಡಿಯೋ ತಬ್ಬಿಬ್ಬಾದಳು. ವಾಸ್ ಎಲ್ಲಿಂದ ಬಂತು? ಅತ್ತೆ ಅಷ್ಟು ಪಾಠ ಇನ್ನೂ ಮಾಡಿಲ್ಲ ಎಂದಳು. ಹಾಗಾದರೆ ನಿನ್ನ ಅತ್ತೆಗೆ ಇನ್ನೂ ಕೆಲಸವಿದೆ ಎಂದು ಹೇಳಿ ಕೋಚಮ್ಮ ಸೀಟಿಗೆ ಒರಗಿ ನಿದ್ದೆ ಹೋದರು.

ಬೀಳ್ಕೊಡುಗೆಯ ದಿನ ಮ್ಯಾನೇಜರ್ ಕೋಚಮ್ಮನಿಗೆ ಚೌಕಟ್ಟು ಹಾಕಿಸಿದ ದೊಡ್ಡದೊಂದು ಫೋಟೋ ಕೊಟ್ಟ. ಕಣ್ಣಿಲ್ಲದವರಿಗೆ ಫೋಟೋ ಯಾಕೆ ಎಂದು ಅವನಿಗೆ ಹೊಳೆದದ್ದು ಕೈಗಿಟ್ಟ ಮೇಲೆ. ಅವನ ಮುಖ ಕೆಂಪಾಯಿತು. ಕೋಚಮ್ಮ ಅದನ್ನು ರೇಡಿಯೋಳ ಕೈಗೆ ಕೊಟ್ಟು, "ಓದು" ಎಂದರು.

ಫೋಟೋದಲ್ಲಿ ಇರುವುದನ್ನೂ ಇದೇ ಬಾಲ ಹಚ್ಚಿ ಹೇಳಬೇಕೆಂದು ಅತ್ತೆ ಕಲಿಸಿದ್ದರು. "ಯು ಆರ್ ಸಿಟಿಂಗ್ ಇನ್ ದಿ ಮಿಡಲ್. ದಿ ಚಿಲ್ಡ್ರನ್ ಆರ್ ಸ್ಟ್ಯಾಂಡಿಂಗ್ ಅರೌಂಡ್. ಒನ್ ಬಾಯ್ ಈಸ್ ಪುಲ್ಲಿಂಗ್ ಎನದರ್ ಬಾಯ್ಸ್ ಇಯರ್. ಐ ಆ್ಯಮ್ ಸ್ಟ್ಯಾಂಡಿಂಗ್ ಬಿಹೈಂಡ್ ಯು. ಮೈ ಮೌತ್ ಈಸ್ ಓಪನ್."

"ಅದು ಹೇಳಬೇಕಾಗಿರಲಿಲ್ಲ" ಎಂದರು ಕೋಚಮ್ಮ. ಎಲ್ಲರೂ ನಕ್ಕರು. ಮ್ಯಾನೇಜರ್ ಎಲ್ಲರಿಗಿಂತ ಜೋರಾಗಿ ನಕ್ಕ.

ಅವರು ಹೋದ ಮೇಲೆ ರೇಡಿಯೋ ಮತ್ತೆ ಬಟ್ಟೆ ಕೋಣೆಯ ಕೀಲಿಗೊಂಚಲು ಹಿಡಿದಳು. ಆದರೆ ಮನೆಯಲ್ಲಿ ಪಾಠ ನಿಲ್ಲಲಿಲ್ಲ. ಯಾಕೆ ನಿಲ್ಲಿಸಬೇಕೆಂದು ಅತ್ತೆಗೂ ಅನಿಸಲಿಲ್ಲ, ಅವಳಿಗೂ ಅನಿಸಲಿಲ್ಲ. ವಾಸ್ ಆಯಿತು, ವರ್ ಆಯಿತು. ಸಂಜೆ ಹೊತ್ತು ಇಬ್ಬರೂ ಕಿಟಕಿಯ ಬಳಿ ಕೂತು ಬೀದಿಯಲ್ಲಿ ಹೋಗುವವರನ್ನು ನೋಡುತ್ತಾ, ಯಾರು ಏನು ಮಾಡುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲೂ, ಯಾಕೆ ಮಾಡುತ್ತಿರಬಹುದು ಎಂದು ಕನ್ನಡದಲ್ಲೂ ಮಾತಾಡಿಕೊಳ್ಳುತ್ತಿದ್ದರು. ಎರಡನೆಯ ಭಾಗದಲ್ಲಿ ಅತ್ತೆಯೇ ಒಂದು ಕೈ ಮುಂದಿದ್ದರು.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಕೊಳದ ಬಾಗಿಲಲ್ಲಿ ಟ್ಯಾಕ್ಸಿ ನಿಂತಿತು. ಕೋಲು ಮೊದಲು ಇಳಿಯಿತು, ಆಮೇಲೆ ಕೋಚಮ್ಮ ಇಳಿದರು. ಹೋಗುವಾಗ ಒಂದೇ ಪೆಟ್ಟಿಗೆ ಒಯ್ದಿದ್ದರು, ಅದನ್ನೇ ವಾಪಸು ತಂದಿದ್ದರು. ರೇಡಿಯೋ ಓಡಿ ಹೋಗಿ ಕೈ ಹಿಡಿದಳು.

"ಅಕ್ಕ ಚೆನ್ನಾಗಿ ನೋಡಿಕೊಂಡಳು" ಎಂದು ಇಂಗ್ಲಿಷಿನಲ್ಲಿ ಹೇಳಿದರು ಕೋಚಮ್ಮ ನಡೆಯುತ್ತಾ. "ಹೊತ್ತಿಗೆ ಸರಿಯಾಗಿ ಊಟ, ಬೆಚ್ಚಗಿನ ಕೋಣೆ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಕಿಟಕಿ ಪಕ್ಕ ಕೂರಿಸೋಳು. ಹೊರಗೇನಾಗ್ತಿದೆ ಅಂತ ಕೇಳಿದ್ರೆ, ಏನೂ ಇಲ್ಲ, ಎಲ್ಲ ಚೆನ್ನಾಗಿದೆ ಅನ್ನೋಳು. ಇಷ್ಟು ದಿನ ಪೂರ್ತಿ ಏನೂ ಆಗಲಿಲ್ಲ ಅಲ್ಲಿ." ಕುರ್ಚಿ ಸಿಕ್ಕಿತು. ಕೂತರು. "ಈಗ ಹೇಳು, ಏನು ನಡೀತಾ ಇದೆ?"

ಆಮೇಲೆ ಆ ಕುರ್ಚಿಯ ಪಕ್ಕದ ಕುರ್ಚಿ ರೇಡಿಯೋಗೇ ಉಳಿಯಿತು. ಬಟ್ಟೆ ಕೋಣೆಗೆ ಮ್ಯಾನೇಜರ್ ಬೇರೊಬ್ಬಳನ್ನು ತಂದ.

ಅತ್ತೆ ಕೊಳಕ್ಕೆ ಬಂದದ್ದು ಒಂದು ಭಾನುವಾರ, ಸೊಸೆಯ ಒತ್ತಾಯಕ್ಕೆ. ಇಡೀ ಆಯಸ್ಸು ಇಂಗ್ಲಿಷ್ ಕಲಿಸಿದ್ದರೂ ಅದನ್ನೇ ತಾಯಿಮಾತಾಗಿ ಆಡುವವರ ಎದುರು ಅವರು ಒಮ್ಮೆಯೂ ಕೂತಿರಲಿಲ್ಲ. ಒಳ್ಳೆಯ ಸೀರೆ ಉಟ್ಟು, ಕನ್ನಡಕ ಎರಡೆರಡು ಸಲ ಒರೆಸಿಕೊಂಡು ಬಂದರು. ಕೋಚಮ್ಮ ಕೈ ಚಾಚಿ, "ಓ, ವ್ಯಾಕರಣ ಅಂದ್ರೆ ನೀವೇನಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅತ್ತೆ ಮೊದಲು ಕನ್ನಡಕವನ್ನು ಇನ್ನೊಮ್ಮೆ ಒರೆಸಿಕೊಂಡರು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಮಾತು ಬಂತು. ಗೊತ್ತಿರುವುದಕ್ಕೆ, ಬೇಕಾಗಿರುವುದಕ್ಕೆ ಬಾಲ ಯಾಕೆ ಹಚ್ಚುವುದಿಲ್ಲ ಎಂದು ನಿಮ್ಮ ಶಾಲೆಗಳಲ್ಲಿ ಹೇಗೆ ಕಲಿಸುತ್ತಿದ್ದರು ಎಂದು ಕೇಳಿದರು. ಕಲಿಸಲೇ ಇಲ್ಲ, ನಾವು ಸುಮ್ಮನೆ ಹಾಗೆ ಮಾತಾಡುತ್ತೇವೆ ಎಂದರು ಕೋಚಮ್ಮ.

ಅತ್ತೆ ಸೊಸೆಯ ಕಿವಿಯ ಹತ್ತಿರ ಬಗ್ಗಿದರು. "ಅವರಿಗೆ ಕಾರಣ ಗೊತ್ತಿಲ್ಲ ಕಣೇ" ಎಂದರು ಪಿಸುದನಿಯಲ್ಲಿ. ನಿಧಿ ಸಿಕ್ಕಿದವರ ಹಾಗಿತ್ತು ಮುಖ.

ಹೀಗೆ ಭಾನುವಾರ ಭಾನುವಾರ ಬರತೊಡಗಿದರು. ಮಂಡಿ ನೋವಿನ ಮಾತು ಬಂದಾಗ, ನೀರಿಗಿಳಿದರೆ ಮಂಡಿಗೆ ಹಗುರ ಎಂದು ಕೋಚಮ್ಮ ಹೇಳಿದರು. ಈ ವಯಸ್ಸಿನಲ್ಲಿ ನಾನು ನೀರಿಗಿಳಿಯುವುದೇ ಎಂದು ಅತ್ತೆ ಆ ವಾರ ನಕ್ಕರು. ಮುಂದಿನ ವಾರ, ನೀರು ತಣ್ಣಗಿರುತ್ತದೆಯೋ ಎಂದು ಕೇಳಿದರು. ಅದರ ಮುಂದಿನ ವಾರ ತೋಳಿನಿಂದ ಮಂಡಿಯ ತನಕ ಮುಚ್ಚುವ ಈಜುಡುಗೆಯನ್ನು ಮಗನೇ ಹುಡುಕಿ ಕೊಂಡು ತಂದ.

ಜನ ಕಡಿಮೆ ಇರ್ತಾರೆ ಎಂದು ಮಧ್ಯಾಹ್ನದ ಹೊತ್ತು ಬಂದರು. ಛಾವಣಿಯ ಗಾಜಿನಿಂದ ಬಿಸಿಲು ಬಿದ್ದು ನೀರೆಲ್ಲ ಮಿನುಗುತ್ತಿತ್ತು. ಅತ್ತೆ ಆಳವಿಲ್ಲದ ಕಡೆ ಮೆಟ್ಟಿಲಿಳಿದು ಕಂಬಿ ಹಿಡಿದು ನಿಂತರು. ಕೊಕ್ಕರೆ ಪಕ್ಕದಲ್ಲಿ ನಿಂತಿದ್ದಳು. ಕೋಚಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೇಳಿದರು.

"ವಾಟ್ ಈಸ್ ಶಿ ಡೂಯಿಂಗ್?"

"ಶಿ ಈಸ್ ಹೋಲ್ಡಿಂಗ್ ದಿ ಬಾರ್" ಎಂದಳು ರೇಡಿಯೋ. "ಶಿ ಈಸ್ ಹೋಲ್ಡಿಂಗ್ ಇಟ್ ವಿತ್ ಬೋತ್ ಹ್ಯಾಂಡ್ಸ್. ಶಿ ಈಸ್ ಲುಕಿಂಗ್ ಅಟ್ ಮಿ. ಶಿ ಈಸ್ ಗೆಟಿಂಗ್ ಆ್ಯಂಗ್ರಿ."

"ನಾನೇನೂ ಸಿಟ್ಟಾಗಿಲ್ಲ" ಎಂದು ನೀರಿನಿಂದ ಅತ್ತೆಯ ದನಿ ಬಂತು. "ನೀನು ಸ್ವಲ್ಪ ಬಾಯಿ ಮುಚ್ಕೊಂಡಿರು, ನನಗೆ ಲಕ್ಷ್ಯ ತಪ್ಪುತ್ತೆ."

"ಶಿ ಈಸ್ ಸ್ಕೋಲ್ಡಿಂಗ್. ಒನ್ ಲೆಗ್ ಈಸ್ ಕಮಿಂಗ್ ಅಪ್. ದಿ ಅದರ್ ಲೆಗ್ ಈಸ್... ನೋ. ಇಟ್ ಈಸ್ ಗೋಯಿಂಗ್ ಡೌನ್ ಎಗೇನ್."

ಕೊಕ್ಕರೆ ಅತ್ತೆಯ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟಳು. ಅತ್ತೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಒಂದು ಕಾಲು ಎದ್ದಿತು, ಇನ್ನೊಂದೂ ಎದ್ದಿತು. ಬಿಳಿ ಕೂದಲನ್ನು ಒಳಗೆ ತುಂಬಿಕೊಂಡ ಟೋಪಿ ನೀರಿನ ಮೇಲೆ ಅಲುಗಾಡುತ್ತಾ ನಿಂತಿತು. ರೇಡಿಯೋ ಹೇಳುವುದನ್ನು ಮರೆತು ಎದ್ದು ನಿಂತಳು. ಕೋಚಮ್ಮ ಅವಳ ಮೊಣಕೈಗೆ ತಟ್ಟಿದರು.

"ಶಿ ಈಸ್ ಫ್ಲೋಟಿಂಗ್" ಎಂದಳು ಅವಳು. "ಶಿ ಈಸ್ ಸ್ಟಿಲ್ ಫ್ಲೋಟಿಂಗ್."